ಇಪ್ಪತ್ತೆರಡು ಪೌಂಡ್ ಬಿಗಿ

"ಮರ್ಯಾದೆಯಾಗಿ ಸೋಲೋಕೆ ಆಗೋವಂಥ ಒಂದು ರಾಕೆಟ್ ಕೊಡಿ," ಎಂದಳು ಅವಳು.

ಮಂಗಳವಾರ ಮಧ್ಯಾಹ್ನ. ಆಟದ ಸಾಮಾನಿನ ಆ ಅಂಗಡಿಯಲ್ಲಿ ಅದು ನೊಣ ಹೊಡೆಯುವ ಹೊತ್ತು. ಗಟ್ಟಿಗ ಮೆಷಿನ್ನಿನ ಮೇಲೆ ಬಾಗಿ ಯಾರದೋ ರಾಕೆಟ್ಟಿಗೆ ಗಟ್ ಹಾಕುತ್ತಿದ್ದ. ರಾಕೆಟ್ಟಿನ ಚೌಕಟ್ಟಿಗೆ ಆ ದಾರವನ್ನು ಹೆಣೆದು ಬಿಗಿಯುವುದೇ ಹನ್ನೊಂದು ವರ್ಷದಿಂದ ಅವನ ಕೆಲಸ. ಗಟ್ ಹಾಕುವವನಾದ್ದರಿಂದ ಗಟ್ಟಿಗ ಎಂದು ಹೆಸರಿಟ್ಟವನು ಅಂಗಡಿಯ ಯಜಮಾನನಾದ ಅವನ ಚಿಕ್ಕಪ್ಪ. ಹೆಸರಿನಲ್ಲಿದ್ದ ಗಟ್ಟಿತನ ಮನುಷ್ಯನಲ್ಲಿ ಇರಲಿಲ್ಲ. ಹೆಣ್ಣುಮಕ್ಕಳು ಏನಾದರೂ ಕೇಳಿದರೆ ಗೋಡೆಯನ್ನು ನೋಡಿಕೊಂಡು ಬೆಲೆ ಹೇಳುತ್ತಿದ್ದ.

ಈ ಸಲ ಗೋಡೆ ನೋಡಲು ಮರೆತುಹೋಯಿತು.

"ಗೆಲ್ಲೋದು ಬೇಡವಾ?"

"ಗೆಲ್ಲೋ ಬಜೆಟ್ ಇಲ್ಲ. ಎರಡು ಸಾವಿರ ಇದೆ. ಸಂಬಳ ಬರೋಕೆ ಇನ್ನೂ ಹನ್ನೆರಡು ದಿನ."

ಅವಳ ವಯಸ್ಸು ಮೂವತ್ತರ ಆಸುಪಾಸು. ತೋಳು ಮಡಚಿದ ಅಂಗಿಯ ಮೇಲೆ ಅಲ್ಲಲ್ಲಿ ಬಿಳಿ ಪುಡಿ, ಉಗುರಿನ ಸಂದಿಯಲ್ಲಿ ನಸುಗೆಂಪು ಮೇಣ. ಅವಳ ನೋಟ ಅವನ ಕಣ್ಣಿನ ಮೇಲಿರದೆ ನೇರವಾಗಿ ತುಟಿಯ ಮೇಲಿತ್ತು. ಗಟ್ಟಿಗನ ಕಿವಿ ಬಿಸಿಯಾಯಿತು. ಅಂಗೈಯಿಂದ ಬಾಯಿ ಒರೆಸಿಕೊಂಡ.

"ಏನಾದರೂ ಅಂಟಿದೆಯಾ?"

"ಅಯ್ಯೋ, ಸಾರಿ! ಕೆಲಸದ ಚಾಳಿ. ನಾನು ಹಲ್ಲು ಮಾಡ್ತೀನಿ."

"ಹಲ್ಲು... ಮಾಡ್ತೀರಾ?"

"ಡೆಂಟಲ್ ಲ್ಯಾಬಿನಲ್ಲಿ. ಕಟ್ಟಿಸಿಕೊಳ್ಳೋ ಹಲ್ಲು, ಸೆಟ್ಟು, ಕ್ಯಾಪು, ಎಲ್ಲಾ. ಯಾರು ಮಾತಾಡಿದರೂ ನನಗೆ ಮೊದಲು ಕಾಣೋದು ಹಲ್ಲು, ಆಮೇಲೆ ಮಾತು. ನಿಮ್ಮದು ಚೆನ್ನಾಗಿದೆ. ಎಡಗಡೆ ಕೋರೆಹಲ್ಲು ಒಂಚೂರು ಮುಂದೆ ಬಂದಿದೆ, ಅಷ್ಟೆ. ಹಾಗೇ ಇರಲಿ. ಯಾರ ಕೈಗೂ ಕೊಡಬೇಡಿ."

ಮೂವತ್ತನಾಲ್ಕು ವರ್ಷ ಆ ಕೋರೆಹಲ್ಲನ್ನು ತುಟಿಯಿಂದ ಮುಚ್ಚಿಕೊಂಡೇ ನಕ್ಕವನು ಗಟ್ಟಿಗ. ಅಲ್ಲಿಗೆ ಅವನ ಕಥೆ ಮುಗಿಯಿತು. ಮುಂದೆ ಆದದ್ದೆಲ್ಲ ಬರೀ ವಿವರ.

ಗಿರಾಕಿಯ ವಾಸನೆ ಹಿಡಿದು ಚಿಕ್ಕಪ್ಪ ಗಲ್ಲಾಪೆಟ್ಟಿಗೆಯ ಹಿಂದಿನಿಂದ ಎದ್ದುಬಂದ. ಅವನ ಕೈಯಲ್ಲಿ ಮೂರು ವರ್ಷದಿಂದ ಯಾರೂ ಮೂಸಿನೋಡದ ಗುಲಾಬಿ ರಾಕೆಟ್ ಇತ್ತು.

"ಇದನ್ನ ನೋಡಮ್ಮ. ದೊಡ್ಡ ದೊಡ್ಡ ಚಾಂಪಿಯನ್ನರು ಹಿಡಿಯೋದು."

"ಯಾವ ಚಾಂಪಿಯನ್ನು?"

"ಹೆಸರು ನಾಲಿಗೆ ತುದೀಲಿದೆ."

"ಅದು ಬೇಡ," ಎಂದ ಗಟ್ಟಿಗ. ತನ್ನ ದನಿ ಕೇಳಿ ತಾನೇ ಬೆಚ್ಚಿದ. "ಅದು ತಲೆಭಾರ. ಕಲಿಯೋರು ಹಿಡಿದರೆ ಎರಡೇ ದಿನಕ್ಕೆ ಭುಜ ನೋವು."

"ನೀನು ಯಾರ ಪರ ಕೆಲಸ ಮಾಡ್ತಿದ್ದೀಯೋ?" ಎಂದು ಚಿಕ್ಕಪ್ಪ ಗುರುಗುಟ್ಟಿದ.

ಗಟ್ಟಿಗ ನಾಲ್ಕು ರಾಕೆಟ್ ತಂದು ಸಾಲಾಗಿ ಇಟ್ಟ. ಅವಳು ಒಂದೊಂದನ್ನೇ ಎತ್ತಿ, ಕಣ್ಣು ಮುಚ್ಚಿ, ಎರಡು ಬೆರಳ ಮೇಲೆ ಅಡ್ಡಲಾಗಿ ನಿಲ್ಲಿಸಿ ತೂಗಿದಳು. ರೆಪ್ಪೆ ಸಣ್ಣಗೆ ಅದುರುತ್ತಿತ್ತು. ಬೆಲೆಯ ಚೀಟಿ ನೋಡದೆ ರಾಕೆಟ್ ಆರಿಸುವವರನ್ನು ಅವನು ಈವರೆಗೆ ಕಂಡಿರಲಿಲ್ಲ. ಕಣ್ಣು ಮುಚ್ಚಿ ಆರಿಸುವವರನ್ನಂತೂ ಇಲ್ಲವೇ ಇಲ್ಲ.

"ಇವೆರಡೂ ಒಂದೇ ತೂಕ ಅಂತ ಬರೆದಿದೆ. ಆದರೆ ಇದು ಭಾರ."

"ಇರಲಿಕ್ಕಿಲ್ಲ."

"ತೂಗಿ ನೋಡಿ."

ತೂಗಿದ. ಒಂದು ಎಂಬತ್ತೆರಡು ಗ್ರಾಂ, ಇನ್ನೊಂದು ಎಂಬತ್ತೈದು. ಗಟ್ಟಿಗ ತಕ್ಕಡಿಯನ್ನೂ ಅವಳ ಬೆರಳುಗಳನ್ನೂ ಎರಡೆರಡು ಸಲ ನೋಡಿದ.

"ಯಾವ ಟೂರ್ನಮೆಂಟಿಗೆ ಇದು?"

"ಮದುವೆ ಟೂರ್ನಮೆಂಟಿಗೆ," ಎಂದು ಅವಳು ನಿಟ್ಟುಸಿರು ಬಿಟ್ಟಳು. "ನಮ್ಮಕ್ಕ ಒಬ್ಬರನ್ನ ನೋಡಿದ್ದಾಳೆ. ಅವರು ದಿನಾ ಬೆಳಿಗ್ಗೆ ಬ್ಯಾಡ್ಮಿಂಟನ್ ಆಡ್ತಾರಂತೆ, ಜೊತೆಗೆ ಆಡೋ ಹೆಂಡತಿ ಬೇಕಂತೆ. ಅಕ್ಕ ನನ್ನ ವಿವರದಲ್ಲಿ 'ಹವ್ಯಾಸ: ಬ್ಯಾಡ್ಮಿಂಟನ್' ಅಂತ ಬರೆದುಬಿಟ್ಟಳು. ನಾನು ಕಡೇ ಸಲ ಆಡಿದ್ದು ಆರನೇ ಕ್ಲಾಸಲ್ಲಿ. ಭಾನುವಾರ ಕೋರ್ಟಿನಲ್ಲೇ ಭೇಟಿ."

ಗಟ್ಟಿಗ ತಕ್ಕಡಿಯ ಮೇಲಿದ್ದ ರಾಕೆಟ್ಟನ್ನು ಸುಮ್ಮನೆ ಇನ್ನೊಮ್ಮೆ ತೂಗಿದ. ಸಿಕ್ಕ ಎಂಟು ನಿಮಿಷದಲ್ಲೇ ಕಳೆದುಕೊಳ್ಳುವ ಯೋಗ ಎಲ್ಲರಿಗೂ ಬರುವುದಿಲ್ಲ.

ಆದರೂ ಕಸುಬು ಕಸುಬೇ. ಮೇಲಿನ ಅಟ್ಟದಿಂದ ಒಂದು ಬರೀ ಫ್ರೇಮ್ ಇಳಿಸಿದ. ಹೋದ ವರ್ಷದ ಮಾಡೆಲ್, ಹಿಡಿಯ ಮೇಲಿನ ಕಡ್ಡಿಯ ಹತ್ತಿರ ಬಣ್ಣ ಒಂದಿಷ್ಟು ಗೀಚಿದೆ, ಅದಕ್ಕೇ ಅಗ್ಗ.

"ಕೇಳಿ. ಎರಡು ಸಾವಿರಕ್ಕೆ ಸಿಗೋ ರೆಡಿ ರಾಕೆಟ್‌ನಲ್ಲಿ ಫ್ರೇಮ್ ಪರವಾಗಿಲ್ಲ, ಗಟ್ ಮಾತ್ರ ದಂಡ. ಇದು ಸಾವಿರದ ಆರುನೂರು. ಉಳಿದ ನಾನೂರಕ್ಕೆ ಒಳ್ಳೆ ಗಟ್ ನಾನು ಹಾಕಿಕೊಡ್ತೀನಿ. ಹಗುರ ಇದೆ, ಕಡ್ಡಿ ಬಾಗುತ್ತೆ, ನೀವು ಜೋರಾಗಿ ಹೊಡೆಯದಿದ್ದರೂ ಅದೇ ಹೊಡೆಯುತ್ತೆ. ಗೀಚಿದ ಬಣ್ಣ ಆಟಕ್ಕೆ ಅಡ್ಡಿ ಬರಲ್ಲ."

ಅವಳು ಅದನ್ನು ಹಿಡಿದು ಕಣ್ಣು ಮುಚ್ಚಿದಳು. ಮುಖ ಸಡಿಲವಾಯಿತು. "ಇದೇ," ಎಂದಳು. "ಗಟ್ ಹಾಕೋಕೆ ಎಷ್ಟು ಹೊತ್ತು?"

"ಎರಡು ದಿನ."

ಹಿಂದಿನಿಂದ ಚಿಕ್ಕಪ್ಪ ಕೆಮ್ಮಿದ. "ನಲವತ್ತು ನಿಮಿಷದ ಕೆಲಸ ಕಣೋ ಅದು."

"ಇದು... ಈ ಫ್ರೇಮಿಗೆ ಎರಡು ದಿನ," ಎಂದ ಗಟ್ಟಿಗ, ಈಗ ಗೋಡೆ ನೋಡಿಕೊಂಡು.

ಅವಳು ಚಿಕ್ಕಪ್ಪನನ್ನು ನೋಡಿದಳು, ಗಟ್ಟಿಗನನ್ನು ನೋಡಿದಳು, ಗೋಡೆಯಲ್ಲಿ ಏನಿದೆ ಎಂದೂ ಒಮ್ಮೆ ನೋಡಿದಳು. ತುಟಿಯ ಕೊನೆಯಲ್ಲಿ ನಗು ಇಣುಕಿ ಒಳಗೆ ಹೋಯಿತು. "ಸರಿ. ಗುರುವಾರ ಬರ್ತೀನಿ."

*

ಬುಧವಾರ ಚಿಕ್ಕಪ್ಪ ಸ್ಟೂಲು ಎಳೆದುಕೊಂಡು ಬಂದು ಮೆಷಿನ್ನಿನ ಪಕ್ಕ ಕೂತ.

"ನೋಡಪ್ಪ, ನಾನು ವ್ಯಾಪಾರಿ. ಪ್ರೀತಿಗೀತಿ ನನಗೆ ತಿಳಿಯಲ್ಲ. ಆದರೆ ಗಟ್ ಸಡಿಲ ಹಾಕಿದರೆ ಏನಾಗುತ್ತೆ?"

"ಶಟಲ್ ಎತ್ತ ಬೇಕೋ ಅತ್ತ ಹೋಗುತ್ತೆ."

"ಶಟಲ್ ಎತ್ತ ಬೇಕೋ ಅತ್ತ ಹೋದರೆ ಭಾನುವಾರದ ಗಂಡು ಎತ್ತ ಹೋಗ್ತಾನೆ?"

"ಚಿಕ್ಕಪ್ಪಾ!"

"ನಾನೇನೂ ಹೇಳಲಿಲ್ಲ," ಎಂದು ಅವನು ಸ್ಟೂಲಿನ ಸಮೇತ ಎದ್ದುಹೋದ.

ಗಟ್ಟಿಗ ಒಳ್ಳೆಯವನೇ. ಆದರೂ ಮೆಷಿನ್ನಿನ ಗುಂಡಿಯ ಮೇಲೆ ಬೆರಳಿಟ್ಟಾಗ ಅದು ತಾನಾಗಿಯೇ ಹಿಂದಕ್ಕೆ ತಿರುಗಿತು. ಬಿಗಿ ಇಪ್ಪತ್ತೆರಡು ಪೌಂಡ್ ಇರಬೇಕಾದಲ್ಲಿ ಹನ್ನೆರಡು. ಅಡ್ಡ, ಉದ್ದ ಎಲ್ಲ ಹೆಣೆದು ಮುಗಿಸಿದ. ನೋಡಲು ಚೊಕ್ಕವಾಗಿಯೇ ಇತ್ತು. ಅಂಗೈಗೆ ತಟ್ಟಿದರೆ ಹಳೇ ಜೋಳಿಗೆಯ ಹಾಗೆ ತಗ್ಗಿತು.

ಒಂದು ಗಳಿಗೆ ಅದನ್ನೇ ನೋಡುತ್ತ ನಿಂತ. ಅಷ್ಟು ಜನರೆದುರು ಅವಳು ಕೈ ಬೀಸುವುದು, ಶಟಲ್ ಪೆದ್ದಾಗಿ ಕಾಲಬುಡದಲ್ಲೇ ಬೀಳುವುದು, ಅವಳ ಮುಖ ಕೆಂಪಾಗುವುದು ಕಣ್ಣಿಗೆ ಕಟ್ಟಿತು. ಅವಳು ತನ್ನ ಕೈಯನ್ನೇ ಅನುಮಾನದಿಂದ ನೋಡಿಕೊಳ್ಳುತ್ತಾಳೆ. ಮೂರು ಗ್ರಾಂ ವ್ಯತ್ಯಾಸ ಕಂಡುಹಿಡಿಯುವ ಕೈ!

ಕತ್ತರಿ ತೆಗೆದುಕೊಂಡು ಅಷ್ಟನ್ನೂ ಕತ್ತರಿಸಿ ಹಾಕಿದ. ಹೊಸ ಗಟ್ಟಿನ ಪೊಟ್ಟಣ ಒಡೆದ. ಇಪ್ಪತ್ತೆರಡು ಪೌಂಡಿಗೆ, ತನ್ನ ಹನ್ನೊಂದು ವರ್ಷದಲ್ಲಿ ಯಾವ ಚಾಂಪಿಯನ್ನಿಗೂ ಹಾಕದಷ್ಟು ನಿಗಾ ಇಟ್ಟು ಹಾಕಿದ. ಬೆರಳಿನಿಂದ ಮೀಟಿದರೆ ಠಣ್ಣೆಂದಿತು.

ನೆಲದ ಮೇಲೆ ಬಿದ್ದಿದ್ದ ಚೂರುಗಳನ್ನು ಚಿಕ್ಕಪ್ಪ ನೋಡಿದ. ಎಂದೂ ಪೊರಕೆ ಮುಟ್ಟದವನು ತಾನೇ ಅದನ್ನು ತಂದು ಗುಡಿಸಿದ.

*

ಗುರುವಾರ ಅವಳು ಬಂದು ರಾಕೆಟ್ ತೆಗೆದುಕೊಂಡು ಕಿವಿಯ ಹತ್ತಿರ ಹಿಡಿದು ಮೀಟಿದಳು. "ಇಪ್ಪತ್ತೆರಡು ಪೌಂಡ್ ಬಿಗಿ," ಎಂದ ಗಟ್ಟಿಗ. ಅವಳ ಕಣ್ಣರಳಿತು. "ಸಾಮಾನು ಸಿಕ್ಕಿತು. ಇನ್ನು ಆಟ ಎಲ್ಲಿ ಸಿಗುತ್ತೆ?"

"ಬೆಳಿಗ್ಗೆ ಆರಕ್ಕೆ ಈಜುಕೊಳದ ಹಿಂದಿನ ಕೋರ್ಟ್ ಖಾಲಿ ಇರುತ್ತೆ. ನಾನು... ಹೇಳಿಕೊಡಬಹುದು. ಅಂದರೆ, ರಾಕೆಟ್ ತಗೊಂಡವರಿಗೆ ಅಂಗಡಿ ಕಡೆಯಿಂದ... ಫ್ರೀ."

"ಯಾವಾಗಿನಿಂದ?" ಎಂದು ಚಿಕ್ಕಪ್ಪ ಬಾಯಿ ತೆರೆದವನು ಗಟ್ಟಿಗನ ಮುಖ ನೋಡಿ, "ಯಾವಾಗಿನಿಂದಲೂ ಇದೆಯಮ್ಮ," ಎಂದು ಮುಗಿಸಿದ.

ಶುಕ್ರವಾರದ ಅವಳ ಮೊದಲ ಸರ್ವಿಸ್ ಕಾವಲುಗಾರನ ಟೀ ಲೋಟಕ್ಕೆ ಬಿತ್ತು. ಎರಡನೆಯದು ಅವಳ ಜುಟ್ಟಿನಲ್ಲೇ ಸಿಕ್ಕಿಕೊಂಡಿತು. ಅವಳು ಅದನ್ನು ಅರ್ಧ ಕೋರ್ಟ್ ಹುಡುಕಿದಳು. ಗಟ್ಟಿಗ ತಲೆಯತ್ತ ಬೆರಳು ತೋರಿಸಿದಾಗ ಅಲ್ಲೇ ಕುಕ್ಕರಗಾಲಿನಲ್ಲಿ ಕೂತು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಕಾವಲುಗಾರ ತನ್ನ ಲೋಟಕ್ಕೆ ಅಂಗೈ ಮುಚ್ಚಿಕೊಂಡು ಇನ್ನಷ್ಟು ದೂರ ಹೋಗಿ ಕೂತ.

"ಕಾಲು ಮೊದಲು, ಕೈ ಆಮೇಲೆ," ಎಂದ ಗಟ್ಟಿಗ.

"ನನ್ನ ಬುದ್ಧಿಯೆಲ್ಲಾ ಕೈಯಲ್ಲೇ ಇದೆ ರೀ. ಕಾಲಿನವರೆಗೆ ಇಳಿದಿಲ್ಲ."

ಮಾತು ಸುಳ್ಳಾಗಿರಲಿಲ್ಲ. ನೆಟ್ಟಿನ ಹತ್ತಿರ ನಿಲ್ಲಿಸಿದರೆ ಅವಳು ಬೇರೆಯೇ ವ್ಯಕ್ತಿ. ಶಟಲ್ಲನ್ನು ಹೊಡೆಯುತ್ತಿರಲಿಲ್ಲ, ಮಲಗಿದ ಮಗುವನ್ನು ಕೆಳಗಿಡುವ ಹಾಗೆ ಇಡುತ್ತಿದ್ದಳು. ಅದು ನೆಟ್ಟನ್ನು ಸವರಿಕೊಂಡು ಅವನ ಪಾದದ ಹತ್ತಿರ ಬೀಳುತ್ತಿತ್ತು.

"ಇಷ್ಟು ಮೆತ್ತಗೆ ಎಲ್ಲಿ ಕಲಿತಿರಿ?"

"ಮೇಣದಲ್ಲಿ ಹಲ್ಲು ಕೆತ್ತೋವಾಗ ಜೋರು ಮಾಡಿದರೆ ಹಲ್ಲೇ ಹೋಗುತ್ತೆ."

ಶನಿವಾರ ಅವಳ ಹಿಡಿತ ಸರಿಪಡಿಸಬೇಕಾಯಿತು. ಹೆಬ್ಬೆರಳು ಎಲ್ಲಿರಬೇಕೆಂದು ತೋರಿಸಲು ಅವನು ಅವಳ ಕೈಯ ಮೇಲೆ ಕೈಯಿಟ್ಟ. ತೋರಿಸಿ ಆದಮೇಲೂ ಕೈ ಅಲ್ಲೇ ಇತ್ತು. ಇಬ್ಬರೂ ಆ ಹೆಬ್ಬೆರಳನ್ನೇ ತದೇಕಚಿತ್ತದಿಂದ ನೋಡಿದರು, ಅದು ಏನೋ ಹೇಳಲಿದೆ ಎಂಬಂತೆ.

"ಅವರು ಹೇಗಿದ್ದಾರೆ?" ಎಂದು ಗಟ್ಟಿಗ ಕೈ ತೆಗೆದು ಕೇಳಿದ. "ನಾಳೆ ಬರೋರು."

"ಫೋಟೋದಲ್ಲಿ ಬಾಯಿ ಮುಚ್ಚಿಕೊಂಡಿದ್ದಾರೆ. ನನಗೇನೂ ಗೊತ್ತಾಗಲಿಲ್ಲ." ಅವಳು ರಾಕೆಟ್ಟನ್ನು ಚೀಲಕ್ಕೆ ತೂರಿಸಿದಳು, ಮತ್ತೆ ಹೊರತೆಗೆದಳು, ಮತ್ತೆ ತೂರಿಸಿದಳು. "ನೀವು ಹೇಳಿ. ನಾಳೆ ನಾನು ಚೆನ್ನಾಗಿ ಆಡಲಾ, ಕೆಟ್ಟದಾಗಿ ಆಡಲಾ?"

ಅವಳು ಈಗ ಅವನ ಹಲ್ಲು ನೋಡುತ್ತಿರಲಿಲ್ಲ. ಕಣ್ಣಿಗೆ ಕಣ್ಣು ಕೊಟ್ಟು ನೋಡುತ್ತಿದ್ದಳು.

"ಚೆನ್ನಾಗಿ ಆಡಿ," ಎಂದ ಗಟ್ಟಿಗ. "ಅಷ್ಟು ಕಷ್ಟಪಟ್ಟು ಕಲಿತಿದ್ದೀರಿ."

"ಸರಿ," ಎಂದಳು ಅವಳು. ಮುಖದ ಬೆಳಕು ಯಾರೋ ಸ್ವಿಚ್ ಒತ್ತಿದಂತೆ ಆರಿತು. ಗೇಟು ದಾಟಿ, ರಸ್ತೆ ದಾಟಿ, ಅವಳು ಬಸ್ಸು ಹತ್ತಿದ ಮೇಲೆ ಗಟ್ಟಿಗನಿಗೆ ಆ ಪ್ರಶ್ನೆ ಅರ್ಥವಾಯಿತು. ತಲೆಯನ್ನು ಕಂಬಕ್ಕೆ ಚಚ್ಚಿಕೊಳ್ಳೋಣವೆಂದರೆ ಕಾವಲುಗಾರ ಕಂಬಕ್ಕೆ ಒರಗಿ ಕೂತಿದ್ದ.

*

ಭಾನುವಾರ ಕೋರ್ಟಿನ ಕಡೆ ತಲೆ ಹಾಕಬಾರದೆಂದು ಅವನು ನಿರ್ಧರಿಸಿದ್ದ. ಚಿಕ್ಕಪ್ಪ ಕೈಗೆ ಆರು ಡಬ್ಬಿ ಶಟಲ್ ತುರುಕಿದ. "ಕ್ಲಬ್ಬಿನವರು ಕೇಳಿದ್ದಾರೆ, ಕೊಟ್ಟು ಬಾ." ಕ್ಲಬ್ಬಿನವರು ಕೇಳಿರಲೇ ಇಲ್ಲ ಎಂಬುದು ಅಲ್ಲಿಗೆ ಹೋದಮೇಲೆ ತಿಳಿಯಿತು.

ಭಾನುವಾರದ ಗಂಡು ವಿಮೆ ಕಂಪನಿಯ ಮ್ಯಾನೇಜರು. ಎರಡೂ ಮಣಿಕಟ್ಟಿಗೆ ಬ್ಯಾಂಡು, ಹೆಗಲಿಗೆ ಒಂದು ಆಳು ಮಲಗಬಹುದಾದಷ್ಟು ದೊಡ್ಡ ಬ್ಯಾಗು, ಅದರೊಳಗೆ ಮೂರು ದುಬಾರಿ ರಾಕೆಟ್. ಗ್ಯಾಲರಿಯಲ್ಲಿ ಅವಳ ಅಕ್ಕ ಕೂತಿದ್ದಳು. ಅಕ್ಕ ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಸುವವಳು. ಸ್ಟೀರಿಂಗ್ ಯಾರ ಕೈಯಲ್ಲಿದ್ದರೂ ಬ್ರೇಕು ತನ್ನ ಕಾಲ ಕೆಳಗಿರಬೇಕು. "ಎಡಕ್ಕೆ! ಎಡಕ್ಕೆ ತಗೋ! ನಿಧಾನ!" ಎಂದು ತಂಗಿಗೆ ಅಲ್ಲಿಂದಲೇ ಕೂಗುತ್ತಿದ್ದಳು.

ಮೊದಲ ಗೇಮ್ ಇಪ್ಪತ್ತೊಂದು–ನಾಲ್ಕು. ಎರಡನೆಯದು ಇಪ್ಪತ್ತೊಂದು–ಏಳು. ಅವಳ ಆ ಏಳೂ ಪಾಯಿಂಟ್ ನೆಟ್ಟಿನ ಹತ್ತಿರ ಮೆತ್ತಗೆ ಇಟ್ಟು ಗಳಿಸಿದವು. ಏಳನೆಯದಕ್ಕೆ ಮ್ಯಾನೇಜರು ಓಡಿಬಂದು ನೆಟ್ಟನ್ನೇ ತಬ್ಬಿಕೊಂಡರು. ಬಾಗಿಲ ಮರೆಯಲ್ಲಿ ನಿಂತಿದ್ದ ಗಟ್ಟಿಗ ಡಬ್ಬಿಗಳನ್ನು ಎದೆಗೆ ಒತ್ತಿ ಹಿಡಿದ.

ಮ್ಯಾನೇಜರು ಬೆವರು ಒರೆಸಿಕೊಂಡು ಅಕ್ಕನತ್ತ ಬಂದರು. "ನನಗೆ ಒಪ್ಪಿಗೆ. ಒಳ್ಳೆ ಕೈ. ಆರು ತಿಂಗಳಲ್ಲಿ ತಯಾರು ಮಾಡ್ತೀನಿ. ಬೆಳಿಗ್ಗೆ ಐದಕ್ಕೆ ಓಟ, ಊಟದ ಪಟ್ಟಿ ನಾನೇ ಕಳಿಸ್ತೀನಿ. ಮೊದಲು ಆ ಗೀಚಿದ ರಾಕೆಟ್ ಬಿಸಾಕಿ, ನನ್ನದೊಂದು ತಗೊಳ್ಳಿ."

"ಏಳು ಪಾಯಿಂಟ್ ತಗೊಂಡಿದ್ದು ಇದರಲ್ಲೇ," ಎಂದಳು ಅವಳು.

"ಅದು ಅದೃಷ್ಟ."

"ಅಲ್ಲ. ಅದು ಇಪ್ಪತ್ತೆರಡು ಪೌಂಡ್." ಅವಳು ಉಸಿರು ಎಳೆದುಕೊಂಡಳು. "ನೀವು ಒಳ್ಳೆಯವರು. ನಿಮಗೆ ಆಟಕ್ಕೆ ಸರಿಯಾದ ಜೋಡಿ ಬೇಕು, ಅದರಲ್ಲಿ ತಪ್ಪೇನಿಲ್ಲ. ಆದರೆ ಅದು ನಾನಲ್ಲ. ಹವ್ಯಾಸ ಅಂತ ಬರೆದಿದ್ದೂ ಸುಳ್ಳು. ನಾನು ಕಲಿಯೋಕೆ ಶುರುಮಾಡಿ ಇವತ್ತಿಗೆ ಮೂರು ದಿನ."

ಮ್ಯಾನೇಜರ ಬಾಯಿ ಮೊದಲ ಬಾರಿಗೆ ಪೂರ್ತಿ ತೆರೆಯಿತು. "ಮೂರು ದಿನದಲ್ಲಿ ಆ ಡ್ರಾಪ್ ಶಾಟಾ? ಯಾರು ಕೋಚು? ನಂಬರ್ ಕೊಡ್ತೀರಾ?"

ಅವರು ನಿಜಕ್ಕೂ ಒಳ್ಳೆಯವರೇ. ಕೈಕುಲುಕಿ, ಮುಂದಿನ ಗೇಮಿಗೆ ಬೇರೆಯವರನ್ನು ಹುಡುಕಿಕೊಂಡು ಹೋದರು. ಅಕ್ಕನ ಮುಖ ಮಾತ್ರ ಕೆಂಪು ಸಿಗ್ನಲ್ ಆಗಿತ್ತು. "ಎಂಥ ಗಂಡು! ಒಂದು ಜುಜುಬಿ ರಾಕೆಟ್ಟಿಗೋಸ್ಕರ ಬಿಟ್ಟೆಯಲ್ಲೇ!"

ಆ ಗಳಿಗೆಯಲ್ಲಿ ತಂಗಿಯ ದೃಷ್ಟಿ ನೇರವಾಗಿ ಬಾಗಿಲ ಮರೆಗೆ ಹೋಯಿತು, ಅಲ್ಲಿ ಯಾರಿದ್ದಾರೆಂದು ಮೊದಲೇ ಗೊತ್ತಿದ್ದವಳಂತೆ. ಗಟ್ಟಿಗ ಮಾಡಬೇಕಾದದ್ದು ಬಹಳ ಇತ್ತು. ಅವನು ಮಾಡಿದ್ದು ಇಷ್ಟೆ: ಆರೂ ಡಬ್ಬಿಗಳನ್ನು ಪಕ್ಕದಲ್ಲಿದ್ದ ಅಪರಿಚಿತ ಮುದುಕರ ಮಡಿಲಿಗೆ ಹಾಕಿ ಓಡಿಹೋದ.

*

ಸೋಮವಾರ ಊಟದ ಬಿಡುವಿನಲ್ಲಿ ಅವಳು ಅಂಗಡಿಯ ಮೆಟ್ಟಿಲು ಹತ್ತಿದಳು. ಕೈಯಲ್ಲಿ ರಾಕೆಟ್ ಇರಲಿಲ್ಲ, ನಗುವೂ ಇರಲಿಲ್ಲ.

"ಯಾಕೆ ಓಡಿಹೋದಿರಿ?"

"ಅದು... ನಿಮ್ಮ ಹತ್ತಿರ ಒಂದು ವಿಷಯ..."

"ಈಜೋ ಕನ್ನಡಕ ಇದೆಯಾ?" ಎಂದು ಒಬ್ಬರು ಒಳಬಂದರು.

ಕನ್ನಡಕ ಕೊಟ್ಟಾಯಿತು. "ಹೇಳಿ," ಎಂದಳು ಅವಳು.

"ಬುಧವಾರ ನಾನು ಒಂದು..."

"ಕೇರಂ ಪೌಡರ್ ಚಿಕ್ಕ ಡಬ್ಬಿ ಎಷ್ಟು?"

ಪೌಡರೂ ಹೋಯಿತು. ಮೂರನೆಯವರು ಫುಟ್‌ಬಾಲಿಗೆ ಗಾಳಿ ತುಂಬಿಸಲು ಬಂದಾಗ ಚಿಕ್ಕಪ್ಪ ಎದ್ದ. ಇಪ್ಪತ್ತಾರು ವರ್ಷ ಹಬ್ಬಕ್ಕೂ ಜ್ವರಕ್ಕೂ ಮುಚ್ಚದ ಅಂಗಡಿಯ ಶಟರನ್ನು, ಮಧ್ಯಾಹ್ನ ಒಂದೂವರೆಗೆ, ಫುಟ್‌ಬಾಲಿನವರ ಮುಖಕ್ಕೇ ಗರಗರ ಎಳೆದ. ತಾನು ಹೊರಗೆ ಸ್ಟೂಲು ಹಾಕಿಕೊಂಡು ಕೂತ. "ಸ್ಟಾಕ್ ಚೆಕಿಂಗ್," ಎಂಬ ಅವನ ದನಿ ಕೇಳಿಸಿತು. "ಅರ್ಧ ಗಂಟೆ ಬಿಟ್ಟು ಬನ್ನಿ."

ಒಳಗೆ ಅರೆಗತ್ತಲು. ಶಟರಿನ ಕೆಳಗಿನ ಸಂದಿಯಿಂದ ಬಿಸಿಲಿನ ಒಂದು ಗೆರೆ ಮಾತ್ರ ನೆಲದ ಮೇಲೆ ಬಿದ್ದಿತ್ತು.

"ಬುಧವಾರ ನಾನು ನಿಮ್ಮ ರಾಕೆಟ್ಟಿಗೆ ಮೊದಲು ಹನ್ನೆರಡು ಪೌಂಡ್ ಹಾಕಿದ್ದೆ," ಎಂದು ಗಟ್ಟಿಗ ಒಂದೇ ಉಸಿರಿಗೆ ಹೇಳಿದ. "ಬೇಕೂಂತಲೇ. ನೀವು ಕೆಟ್ಟದಾಗಿ ಆಡಲಿ, ಅವರು ಬೇಡ ಅನ್ನಲಿ ಅಂತ. ಆಮೇಲೆ ಕತ್ತರಿಸಿ ಸರಿಯಾಗಿ ಹಾಕಿದೆ."

ಅವಳು ರೆಪ್ಪೆ ಬಡಿಯದೆ ನಿಂತಳು. "ಯಾಕೆ ಕತ್ತರಿಸಿದಿರಿ?"

"ಅಷ್ಟು ಜನರೆದುರು ನೀವು ಪೆಚ್ಚಾಗೋದು ಬೇಡ ಅನ್ನಿಸ್ತು. ನೀವು ಅವರನ್ನೇ ಮದುವೆಯಾದರೂ ಪರವಾಗಿಲ್ಲ ಅಂತ... ಪರವಾಗಿಲ್ಲ ಅಂತಲ್ಲ. ಪರವಾಗಿಲ್ಲ ಅನ್ನೋದು ಆ ಹೊತ್ತಿಗೆ... ಅಯ್ಯೋ, ನನಗೆ ನೀವು ಇಷ್ಟ. ತುಂಬಾ ಇಷ್ಟ. ನಿಮ್ಮನ್ನ ಬಿಟ್ಟು ಬೇರೆ ಏನೂ ಯೋಚನೆ ಮಾಡೋಕೆ ಆಗ್ತಿಲ್ಲ. ನಿನ್ನೆ ಒಬ್ಬರ ಟೆನಿಸ್ ರಾಕೆಟ್ಟಿಗೆ ಬ್ಯಾಡ್ಮಿಂಟನ್ ಗಟ್ ಹಾಕಿಬಿಟ್ಟೆ."

ಅವಳ ಭುಜ ಅಲುಗಿತು. ನಗುವೋ ಅಳುವೋ ಆ ಬೆಳಕಿನಲ್ಲಿ ತಿಳಿಯಲಿಲ್ಲ. ಹತ್ತಿರ ಬಂದಾಗ ಎರಡೂ ಎಂದು ತಿಳಿಯಿತು.

"ಇದನ್ನ ಶನಿವಾರ ಹೇಳೋಕೆ ನಿನಗೇನಾಗಿತ್ತು?" ಎಂದಳು. ಬಹುವಚನ ಯಾವಾಗ ಬಿದ್ದುಹೋಯಿತೋ ಇಬ್ಬರಿಗೂ ಗೊತ್ತಾಗಲಿಲ್ಲ. "ಕೆಟ್ಟದಾಗಿ ಆಡು ಅಂತ ಒಂದು ಮಾತು ಅಂದಿದ್ದರೆ, ನಿನ್ನೆ ನಾನು ಆ ಓಟವೆಲ್ಲಾ ಓಡಬೇಕಿತ್ತಾ? ಕಾಲು ಎಷ್ಟು ನೋಯ್ತಿದೆ ಗೊತ್ತಾ?"

"ನೀನು ಚೆನ್ನಾಗಿ ಆಡಿದೆ ಮಾತ್ರ."

"ಗೊತ್ತು. ಎರಡನೇ ಗೇಮಿಗೆ ಮೊದಲೇ ಬಾಗಿಲ ಹತ್ತಿರ ನಿನ್ನ ಕಂಡೆ. ಆ ಏಳು ಪಾಯಿಂಟ್ ಆಮೇಲೆ ಬಂದಿದ್ದು."

ಶಟರು ದಡದಡ ಸದ್ದು ಮಾಡಿತು. "ಆ ರಾಕೆಟ್ ಮಾರಿದ ಅಂಗಡಿ ಇದೇ ತಾನೇ? ನನ್ನ ತಂಗಿ ಒಳಗಿದ್ದಾಳಾ?" ಅಕ್ಕನ ದನಿ.

"ಸ್ಟಾಕ್ ಚೆಕಿಂಗ್ ಅಮ್ಮ," ಎಂದ ಚಿಕ್ಕಪ್ಪ.

"ಅಕ್ಕನಿಗೆ ನಾನು ಹೇಳ್ತೀನಿ," ಎಂದು ಅವಳು ಮುಂದಾದಳು. ಗಟ್ಟಿಗ ಅವಳನ್ನು ತಡೆದು, ತಾನೇ ಬಾಗಿ ಶಟರ್ ಎತ್ತಿದ. ಬಿಸಿಲು ಒಳಗೆ ನುಗ್ಗಿತು. ಬಿಸಿಲಿನ ಜೊತೆಗೆ ಅಕ್ಕನೂ.

"ನಾನು ಇಲ್ಲಿ ಗಟ್ ಹಾಕೋ ಕೆಲಸ ಮಾಡ್ತೀನಿ," ಎಂದ ಗಟ್ಟಿಗ. ಗೋಡೆಯತ್ತ ನೋಡಲಿಲ್ಲ. "ನಿಮ್ಮ ತಂಗೀನ ಮದುವೆ ಆಗಬೇಕು ಅಂತಿದ್ದೀನಿ. ಅವಳು ಒಪ್ಪಿದರೆ."

"ಒಪ್ಪಿದ್ದೀನಿ," ಎಂದಳು ಅವಳು ಅವನ ಬೆನ್ನ ಹಿಂದಿನಿಂದ.

ಅಕ್ಕ ಅವನನ್ನು ಅಡಿಯಿಂದ ಮುಡಿಯವರೆಗೆ, ಬ್ರೇಕಿನಿಂದ ಹಾರ್ನಿನವರೆಗೆ ಎಂಬಂತೆ ತಪಾಸಣೆ ಮಾಡಿದಳು. ಬೈಯಲು ತಂದಿದ್ದ ಮಾತುಗಳೆಲ್ಲ ಮುಖದಲ್ಲಿ ಸಾಲುಗಟ್ಟಿ ನಿಂತಿದ್ದವು. ಕೊನೆಗೆ ಹೊರಬಂದದ್ದು ಒಂದೇ ಪ್ರಶ್ನೆ.

"ಕಾರು ಓಡಿಸೋಕೆ ಬರುತ್ತಾ?"

"ಇಲ್ಲ."

ಅಕ್ಕನ ಮುಖ ಸಾವಕಾಶವಾಗಿ ಅರಳಿತು. "ನಾಳೆ ಬೆಳಿಗ್ಗೆ ಏಳಕ್ಕೆ ಬಾ. ಎರಡು ವಾರ ನನ್ನ ಪಕ್ಕ ಕೂತು ಓಡಿಸು. ಮನುಷ್ಯ ಎಂಥವನು ಅಂತ ಟ್ರಾಫಿಕ್ಕಿನಲ್ಲಿ ಗೊತ್ತಾಗುತ್ತೆ. ಆಮೇಲೆ ಮಾತಾಡೋಣ." ಹೇಳಿದವಳೇ ಚಿಕ್ಕಪ್ಪನತ್ತ ತಿರುಗಿ, ಆ ಸ್ಟೂಲು ದಾರಿಗೆ ಅಡ್ಡವಾಗಿದೆ ಎಂದು ಅದನ್ನು ಪಕ್ಕಕ್ಕೆ ಹಾಕಿಸಿ ಹೊರಟುಹೋದಳು.

ಹಿಂದೆ ನಿಂತಿದ್ದ ಅವಳ ಬೆರಳುಗಳು ಬಂದು ಗಟ್ಟಿಗನ ಬೆರಳುಗಳ ನಡುವೆ ಹೆಣೆದುಕೊಂಡವು.

"ಹೆದರಿಕೆ ಆಗ್ತಿದೆಯಾ?"

"ಟ್ರಾಫಿಕ್ಕಿಗಾ?"

"ಅಕ್ಕನಿಗೆ."

"ತುಂಬಾ," ಎಂದ ಗಟ್ಟಿಗ. ಫುಟ್‌ಬಾಲಿನವರು ಮತ್ತೆ ಮೆಟ್ಟಿಲು ಹತ್ತುತ್ತಿದ್ದರು. ಅವನು ಅವಳ ಕೈ ಬಿಡಲಿಲ್ಲ. ಒಂದೇ ಕೈಯಲ್ಲಿ ಪಂಪು ಹುಡುಕತೊಡಗಿದ.